ಹಲಸಿನ ಎಲೆಯ ತುದಿ

ಯುಗಾದಿಗೆ ಗುಬ್ಬಿ ಹತ್ತಿರದ ನಮ್ಮ ಅಜ್ಜಿ ಮನೆಗೆ ಬಂದವರೆಲ್ಲ ಬೀದಿ ಬಾಗಿಲ ಮುಂದೆ ಒಂದು ನಿಮಿಷ ನಿಂತರು. ತೇಗದ ಹಲಗೆ ಮಧ್ಯೆ ಒಂದು ಹಳದಿ ಹಲಸಿನ ಎಲೆ. ಮೇಲೆ ಅಂಟಿಸಿದ್ದಲ್ಲ, ಬಣ್ಣ ಬಳಿದದ್ದೂ ಅಲ್ಲ. ಹಲಗೆಯನ್ನೇ ತೋಡಿ ಒಳಗೆ ಕೂರಿಸಿದ ಹಲಸಿನ ಮರ. ಯಾರೋ ಆಚಾರ್ರ ಕೈಕೆಲಸ ಅಂದುಕೊಂಡಿರುವಷ್ಟು ಹೊತ್ತು ಎಲ್ಲರೂ ಹೊಗಳಿದರು. ಮಷೀನ್ ಹಿಡಿದು ನಾನೇ ಮಾಡಿದ್ದು ಅಂದೆ. "ಓ, ಮಷೀನಾ" ಅಂದ ಚಿಕ್ಕಪ್ಪ ಒಬ್ಬಟ್ಟಿನ ಕಡೆ ತಿರುಗಿದರು.

ಆ "ಓ, ಮಷೀನಾ" ನನಗಿನ್ನೂ ಜೀರ್ಣವಾಗಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮಷೀನು ಶೇಪರ್ ಒರಿಜಿನ್ ಅಂತ. ಅಮೆರಿಕದ ಭಾವ ತಂದಿಟ್ಟು ಹೋಗಿದ್ದು. ಕೊಳ್ಳೋಕೆ ಹೋದರೆ ಎರಡು ಲಕ್ಷಕ್ಕೂ ಜಾಸ್ತಿ, ನಾನಂತೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅಲ್ಲಿಯದು 120 ವೋಲ್ಟಿನದು, ಇಲ್ಲಿಯ 230ಕ್ಕೆ ನೇರ ಹಾಕಿದರೆ ಕಥೆ ಮುಗೀತು. ಅದಕ್ಕೊಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ಮಷೀನಿಗಿಂತ ಅದೇ ಭಾರ.

ನೋಡೋಕೆ ಬಡಗಿಗಳು ಮರ ತೋಡೋಕೆ ಹಿಡಿಯುವ ರೂಟರ್ ತರಹವೇ. ಎರಡು ಹಿಡಿ, ಕೆಳಗೆ ತಿರುಗುವ ಬಿಟ್, ಅಂದರೆ ಕೊರೆಯುವ ಅಲಗು. ಜೊತೆಗೆ ಒಂದು ಕ್ಯಾಮೆರಾ, ಮೇಲೊಂದು ಸ್ಕ್ರೀನು. ಮರದ ಮೇಲೆ ಕಪ್ಪುಬಿಳುಪು ಡಾಮಿನೋ ಚುಕ್ಕಿಗಳ ಟೇಪ್ ಅಂಟಿಸಬೇಕು. ಕ್ಯಾಮೆರಾ ಅದನ್ನು ನೋಡಿ ತಾನೆಲ್ಲಿದ್ದೇನೆ ಅಂತ ತಿಳಿದುಕೊಳ್ಳುತ್ತದೆ. ಸ್ಕ್ರೀನಿನಲ್ಲಿ ಕಾಣುವ ಗೆರೆಯ ಹಿಂದೆ ನಾವು ಸುಮಾರಾಗಿ ತಳ್ಳುತ್ತಾ ಹೋಗಬೇಕು. ಕೈ ಒಂದಿಷ್ಟು ಆಚೀಚೆ ಆದರೆ ಬಿಟ್ ತಾನೇ ಪಕ್ಕಕ್ಕೆ ಸರಿದು ಗೆರೆ ಬಿಡೋದಿಲ್ಲ. ತೀರಾ ದೂರ ಹೋದರೆ ಮೇಲಕ್ಕೆದ್ದು ಸುಮ್ಮನಾಗುತ್ತದೆ. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಅಲೆಕ್ ರಿವರ್ಸ್ ಮತ್ತು ಅವರ ಜೊತೆಯವರು 2012ರಲ್ಲಿ ಈ ವಿಚಾರದ ಪ್ರಬಂಧ ಬರೆದರು, ಅದೇ ಆಮೇಲೆ ಈ ಮಷೀನ್ ಆಯಿತು.

ನನ್ನ ಕೆಲಸ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ. ಬೆಳಗಿಂದ ಸಂಜೆವರೆಗೆ ಕಬ್ಬಿಣ, ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕ. ಮರದಲ್ಲೂ ಅದೇ ಲೆಕ್ಕ ನಡೆಯುತ್ತೆ ಅಂದುಕೊಂಡಿದ್ದೆ.

ಬಾಗಿಲಿನ ವಿಷಯಕ್ಕೆ ಬರ್ತೀನಿ. ಹಿಂದೆ ಯಾರೋ ಹಳೇ ಬೀಗ ಕಿತ್ತು ಬೇರೆ ಹಾಕಿ, ಅದನ್ನೂ ಕಿತ್ತು, ಅಲ್ಲಿ ಮುಷ್ಟಿಯಗಲ ಗಾಯ ಆಗಿತ್ತು. ತುಮಕೂರಿನಲ್ಲಿ ಈಗ ಸಿಎನ್‌ಸಿ ಕಟಿಂಗ್ (ಕಂಪ್ಯೂಟರ್ ಹೇಳಿದಂತೆ ಮಷೀನ್ ಕೊರೆಯೋದು) ಬೋರ್ಡುಗಳಿಗೇನು ಬರವಿಲ್ಲ. ಎಂಟಡಿ ನಾಲ್ಕಡಿ ಮೇಜು, ಅದರ ಮೇಲೆ ಹಲಗೆ ಮಲಗಿಸಿದರೆ ಬಾಲಾಜಿನೋ ಬಳ್ಳಿನೋ ಕೊರೆದು ಕೊಡುತ್ತಾರೆ. ಆದರೆ ನಾಲ್ಕು ಜನ ಎತ್ತುವ ಬಾಗಿಲನ್ನು ಟೆಂಪೋದಲ್ಲಿ ಅಲ್ಲಿಗೆ ಹೊತ್ತು ತರೋದು ಯಾರು? ಇದಾದರೆ ಮಷೀನನ್ನೇ ಬಾಗಿಲ ಹತ್ತಿರ ಒಯ್ಯಬಹುದು. ನನ್ನ ಪ್ರಕಾರ ಇದರ ನಿಜವಾದ ಉಪಯೋಗ ಇದೇ. ಕರಾರುವಾಕ್ಕು ಅನ್ನೋದು ಆಮೇಲಿನ ಮಾತು.

ಗಾಯಕ್ಕೆ ತೇಗದ ತುಂಡು ಹೊಡೆದು ತುಂಬಿಸಿ, ಅದರ ಮೇಲೆ ಎಲೆ ಕೂರಿಸುವ ಯೋಚನೆ. ಹಿತ್ತಲಲ್ಲಿ ಬಿದ್ದಿದ್ದ ಹಲಸಿನ ಮರದ ಹಲಗೆ ಅಟ್ಟದಲ್ಲಿತ್ತು. (ನಮ್ಮದು ಚೇಳೂರಿನ ಹೆಸರಾದ ಸಿದ್ದು ಹಲಸಿನ ತಳಿಯಲ್ಲ. ಹಣ್ಣು ಸಪ್ಪೆ, ಮರ ಮಾತ್ರ ಚಿನ್ನ.) ಅದರಲ್ಲಿ ಒಂದು ತುಂಡಿಗೆ ಮಧ್ಯೆ ಕಪ್ಪು ಗೆರೆ ಇತ್ತು, ಥೇಟ್ ಎಲೆಯ ನಡುನರ. ಅಂಥದ್ದು ಅದೊಂದೇ.

ಆಷಾಢದಲ್ಲಿ ಬಾಗಿಲು ಕಳಚಿ ಜಗುಲಿ ಮೇಲೆ ಮಲಗಿಸಿದೆವು. ವರ್ಷಗಟ್ಟಲೆ ಎಣ್ಣೆ ಕುಡಿದ ಮರ, ಟೇಪ್ ಹಿಡಿಯಲೇ ಇಲ್ಲ. ಒರೆಸಿ ಒರೆಸಿ ಸಾಕಾಯಿತು. 3 ಮಿಲಿಮೀಟರಿನ ಬಿಟ್, 6 ಮಿಲಿಮೀಟರ್ ಆಳದ ಗುಂಡಿ. ಹೊಟ್ಟು ಟೇಪಿನ ಮೇಲೆ ಬಿದ್ದಾಗಲೆಲ್ಲ ಮಷೀನಿಗೆ ಕಣ್ಣು ಮಂಜು, ಕೂಡಲೇ ನಿಲ್ಲುತ್ತಿತ್ತು. ಅಂಚಿನಲ್ಲಿ ಮೊದಲು ಕಾಲು ಮಿಲಿಮೀಟರ್ ಬಿಟ್ಟು ತೋಡಿದೆ. ಆಮೇಲೆ ಸರಿಯಾಗಿ ಗೆರೆಗೆ ಬಂದೆ. ಸಂಜೆ ಹೊತ್ತಿಗೆ ಗುಂಡಿಯೂ ಆಯಿತು, ಎಲೆಯೂ ಆಯಿತು. ಖುಷಿಯಲ್ಲಿ ಟೇಪ್ ಎಲ್ಲ ಕಿತ್ತು ಉಂಡೆ ಮಾಡಿ ಎಸೆದೆ.

ಬೆಳಗ್ಗೆ ಎಲೆ ಕೂರಿಸೋಕೆ ಹೋದರೆ ಒಳಗೇ ಹೋಗ್ತಿಲ್ಲ. ರಾತ್ರಿಯಿಡೀ ಜಡಿ ಮಳೆ, ಹಲಸು ಅಗಲದಲ್ಲಿ ಊದಿಕೊಂಡಿತ್ತು. ಗುಂಡಿ ದೊಡ್ಡದಾಗಬೇಕಾಗಿದ್ದು 0.1 ಮಿಲಿಮೀಟರ್, ಹೆಚ್ಚೂಕಮ್ಮಿ ಒಂದು ಕೂದಲಿನ ದಪ್ಪ. ಮಷೀನಿನಲ್ಲಿ ಆ ಅಂಕಿ ಒತ್ತಿದರೆ ಐದು ನಿಮಿಷದ ಕೆಲಸ. ಆದರೆ ಟೇಪ್ ಇಲ್ಲ. ಟೇಪ್ ಇಲ್ಲದಿದ್ದರೆ ಎರಡು ಲಕ್ಷದ ಮಷೀನಿಗೆ ತಾನು ನಿನ್ನೆ ಎಲ್ಲಿ ತೋಡಿದ್ದೆ ಅಂತಲೇ ಗೊತ್ತಿಲ್ಲ. ಹೊಸ ಟೇಪ್ ಅಂಟಿಸಿ ಕಣ್ಣಂದಾಜಲ್ಲಿ ಮತ್ತೆ ಹೊಂದಿಸಬಹುದು. ಕೂದಲಿನ ಲೆಕ್ಕಕ್ಕೆ ಕಣ್ಣಂದಾಜು ಸಾಲುತ್ತಾ?

ಇನ್ನೊಂದು ಕಷ್ಟ ಮೊದಲೇ ಇತ್ತು. ಬಿಟ್ ದುಂಡಗಿರುತ್ತದೆ. ಎಲೆಯ ತುದಿ ಚೂಪಾಗಿ ಬರುತ್ತದೆ, ಏಕೆಂದರೆ ಅಲ್ಲಿ ಹೊರಗಿನಿಂದ ಸುತ್ತುತ್ತೇವೆ. ಗುಂಡಿಯ ತುದಿಗೆ ಬಿಟ್ ಒಳಗಿನಿಂದ ಹೋಗಬೇಕು, ಅಲ್ಲಿ ದುಂಡಗೇ ನಿಲ್ಲುತ್ತದೆ. ಚೂಪು ಕಂಪ್ಯೂಟರಿನ ಚಿತ್ರದಲ್ಲಿ ಮಾತ್ರ.

ಊರಿನ ಆಚಾರ್ರನ್ನು ಕರೆದುಕೊಂಡು ಬಂದೆ. ಎಪ್ಪತ್ತು ದಾಟಿದೆ. ಮಷೀನ್ ನೋಡಿ "ಇದೇನಪ್ಪಾ, ಇಸ್ತ್ರಿ ಪೆಟ್ಟಿಗೆ ಇದ್ದಂಗೈತೆ" ಅಂದರು. ಗುಂಡಿಯ ತಳಕ್ಕೆ ಬೆರಳಾಡಿಸಿ ಮಾತ್ರ ತಲೆದೂಗಿದರು. "ಈ ತಳ ಸಮ ಮಾಡೋದೇ ನಮಗೆ ದೊಡ್ಡ ಗೋಳು. ಇದು ಚೆನ್ನಾಗಿ ಮಾಡೈತೆ."

ಆಮೇಲೆ ಒಲೆಯಿಂದ ಒಂದು ಚೂರು ಇದ್ದಿಲು ಕೇಳಿ ತರಿಸಿಕೊಂಡು ಎಲೆಯ ಅಂಚಿಗೆಲ್ಲ ಉಜ್ಜಿದರು. ಗುಂಡಿಗೆ ಮೆಲ್ಲಗೆ ಒತ್ತಿ ತೆಗೆದರು. ಗುಂಡಿಯಲ್ಲಿ ಎಲ್ಲಿ ಕಪ್ಪು ಹತ್ತಿತ್ತೋ ಅಲ್ಲಿ ಮಾತ್ರ ಉಳಿ. ಅದೂ ಕೊಡತಿ ಇಲ್ಲದೆ, ಎಡಗೈ ಹೆಬ್ಬೆರಳಿನ ಆನಿಕೆಯಲ್ಲಿ. ಈರುಳ್ಳಿ ಸಿಪ್ಪೆಗಿಂತ ತೆಳು ಚೂರುಗಳು ಸುರುಳಿ ಸುತ್ತಿ ಬೀಳುತ್ತಿದ್ದವು. ಮತ್ತೆ ಇದ್ದಿಲು, ಮತ್ತೆ ಒತ್ತು, ಮತ್ತೆ ಉಳಿ. ಗುಂಡಿಯ ತುದಿಯನ್ನು ಮೂರೇ ಸಲಕ್ಕೆ ಚೂಪು ಮಾಡಿದರು. "ಬಿಗಿ ಜಾಸ್ತಿ ಬ್ಯಾಡ, ಗೋಂದು ಬಿದ್ದರೆ ಇನ್ನೊಂದಿಷ್ಟು ಊದ್ತದೆ" ಅಂದರು. ಫೆವಿಕಾಲಿನಲ್ಲಿ ನೀರಿರೋದು ನನಗೂ ಗೊತ್ತು. ಲೆಕ್ಕ ಹಾಕುವಾಗ ಮಾತ್ರ ನೆನಪಾಗಿರಲಿಲ್ಲ.

ಎರಡು ಗಂಟೆ ಕೆಲಸ. ನಾನು ಅವರಿಗೆ ಪೂರ್ತಿ ದಿನದ ಕೂಲಿ ಕೊಟ್ಟೆ. ಯುಗಾದಿ ದಿನ ಅದನ್ನು ಕೇಳಿ "ಅಷ್ಟು ಯಾಕೆ, ಮಷೀನೇ ಮಾಡಿತ್ತಲ್ಲ" ಅಂದವರೂ ಅದೇ ಚಿಕ್ಕಪ್ಪ. ತುಮಕೂರಿನಲ್ಲಿ ಹೊಸ ಮನೆ ಕಟ್ಟಿಸಿದಾಗ ಆಚಾರ್ರ ಕೂಲಿ ಜಾಸ್ತಿ ಅಂತ ಎಲ್ಲ ಬಾಗಿಲೂ ರೆಡಿಮೇಡ್ ತಂದವರು. ಕೈಕೆಲಸ ಕೈಕೆಲಸ ಅಂತ ಹೊಗಳುವವರಲ್ಲಿ ಎಷ್ಟು ಜನ ಆ ಕೈಗೆ ಕೆಲಸ ಕೊಟ್ಟಿದ್ದಾರೆ ಹೇಳಿ? ಮೈಸೂರಿನ ಬೀಟೆ ಮರದ ಇನ್‌ಲೇಗೆ, ಅಂದರೆ ಹೀಗೇ ತೋಡಿ ಕೂರಿಸುವ ಕೆಲಸಕ್ಕೆ, ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಇದೆ. ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ಆನೆದಂತದ ಕೆಲಸ ನೋಡಿ ಎಲ್ಲರೂ ಬಾಯಿ ಬಿಡುತ್ತೇವೆ. ಹೊರಗೆ ಬಂದು ಅಂಗಡಿಯಲ್ಲಿ ಆನೆ ಚಿತ್ರದ ಹಲಗೆಗೆ ಅರ್ಧ ರೇಟಿಗೆ ಕೇಳುತ್ತೇವೆ. ನಾನೂ ಕೇಳಿದ್ದೇನೆ, ಸುಳ್ಳು ಯಾಕೆ.

ಮಷೀನ್ ಬಂದು ಆಚಾರ್ರ ಕೆಲಸ ಕಿತ್ತುಕೊಳ್ಳುತ್ತೆ ಅನ್ನೋದನ್ನು ನಾನು ಒಪ್ಪೋದಿಲ್ಲ. ಅದು ಕಿತ್ತುಕೊಂಡಿದ್ದು ಅವರೇ ಗೋಳು ಅಂದ ಕೆಲಸ. ಉಳಿದದ್ದು ಇದ್ದಿಲಿನ ಕೆಲಸ. ಅದನ್ನು ಕಲಿಯೋಕೆ ಅವರ ಮಕ್ಕಳೂ ಇಲ್ಲ, ಇಬ್ಬರೂ ಬೆಂಗಳೂರಿನಲ್ಲಿದ್ದಾರೆ. ಈಗ ಭಾನುವಾರ ನಾನು ಹೋಗುತ್ತಿದ್ದೇನೆ. ಉಳಿ ಮಸೆಯೋದೇ ಇನ್ನೂ ಸರಿಯಾಗಿ ಬಂದಿಲ್ಲ.

ಅವತ್ತು ಹೊರಡುವಾಗ ಆಚಾರ್ರು ಒಂದು ಮಾತು ಹೇಳಿದ್ದರು. "ಎಡಗಡೆ ಒಂದು ಎಳೆ ಜಾಸ್ತಿ ತೆಗೆದುಬಿಟ್ಟೆ ಕಣಪ್ಪ. ಮಳೆಗಾಲದಲ್ಲಿ ಕಾಣಲ್ಲ, ಬೇಸಿಗೆಗೆ ಗೊತ್ತಾಗ್ತದೆ." ಮೊನ್ನೆ ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ಕೂತು ಟಾರ್ಚ್ ಹಾಕಿ ನೋಡಿದೆ. ಎಲೆಯ ಎಡ ಅಂಚಿನಲ್ಲಿ, ಸುಮಾರು ಎರಡು ಇಂಚು ಉದ್ದಕ್ಕೆ, ಉಗುರು ಕೂಡ ಹೋಗದಷ್ಟು ಸಣ್ಣ ಸಂದು ಬಿದ್ದಿದೆ.