ದೆವ್ವದ ಚಿತ್ರದಲ್ಲೊಬ್ಬ ಗೂಢಚಾರ, ಗೂಢಚಾರನ ಚಿತ್ರದಲ್ಲೊಂದು ದೆವ್ವ

ಕಳೆದ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗ. ದೆವ್ವದ ಚಿತ್ರವೆಂದರೆ ಊಟ ಬಿಟ್ಟು ಕೂರುವವನು. ಇವನಿಗೆ ಹಳೆಯದೊಂದರ ರುಚಿ ಹತ್ತಿಸೋಣವೆಂದು 1957ರ ‘ನೈಟ್ ಆಫ್ ದ ಡೀಮನ್’ ಹಾಕಿದೆ. ಶುರುವಾಗಿ ಸ್ವಲ್ಪ ಹೊತ್ತಿಗೇ ಪಿಶಾಚಿ ಪರದೆಯ ತುಂಬ ಬಂದು ಬಾಯಿ ತೆರೆಯಿತು. ಹುಡುಗ ನಗಲು ಶುರು ಮಾಡಿದ. ಎಷ್ಟು ನಕ್ಕನೆಂದರೆ ನೀರು ಕುಡಿಸಬೇಕಾಯಿತು. “ಮಾವ, ಇದು ಜಾತ್ರೆಯಲ್ಲಿ ಮಾರುವ ಬೊಂಬೆ” ಎಂದ.

ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವನು ನಕ್ಕಿದ್ದು ಆ ಚಿತ್ರದ ನಿರ್ದೇಶಕ ಜಾಕ್ ಟೂರ್ನರ್‌ಗೂ ಒಪ್ಪಿಗೆಯಿಲ್ಲದ ಒಂದು ವಸ್ತುವನ್ನು ನೋಡಿ. ಪಿಶಾಚಿಯನ್ನು ಅಷ್ಟು ಹತ್ತಿರದಿಂದ, ಅಷ್ಟು ನಿಚ್ಚಳವಾಗಿ ತೋರಿಸುವುದು ಟೂರ್ನರ್‌ಗೆ ಬೇಡವಾಗಿತ್ತು. ಈ ಮನುಷ್ಯ 1942ರಲ್ಲಿ ‘ಕ್ಯಾಟ್ ಪೀಪಲ್’ ಮಾಡಿದವನು. ಅದರಲ್ಲಿ ಒಬ್ಬ ಹೆಂಗಸು ರಾತ್ರಿ ಪಾರ್ಕಿನ ಗೋಡೆಯ ಪಕ್ಕದಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ. ಹಿಂದೆ ಇನ್ನೊಂದು ಜೊತೆ ಹೆಜ್ಜೆಯ ಸದ್ದು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತುಬಿಡುತ್ತದೆ. ಹೆದರಿಕೆ ಇರುವುದು ಆ ನಿಲ್ಲುವುದರಲ್ಲಿ. ನಂತರ ಬುಸ್ ಎಂದು ನುಗ್ಗಿ ಬರುವುದು ಹುಲಿಯಲ್ಲ, ಚಿರತೆಯಲ್ಲ, ಒಂದು ಸಿಟಿ ಬಸ್ಸು. ಬಸ್ಸಿನಿಂದ ಜನರನ್ನು ಬೆಚ್ಚಿಬೀಳಿಸಿದವನಿಗೆ ಬೊಂಬೆ ಯಾಕೆ ಬೇಕು?

ನಗು ಮುಗಿದ ಮೇಲೆ ಹುಡುಗನಿಗೆ ನಾನು ಹೇಳಿದ ಮಾತನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಬರೆಯುತ್ತಿದ್ದೇನೆ. ಈ ಚಿತ್ರವನ್ನು ದೆವ್ವದ ಚಿತ್ರವೆಂದು ನೋಡಬೇಡ, ಗೂಢಚಾರರ ಚಿತ್ರವೆಂದು ನೋಡು.

ಕಥೆ ಏನು? ಕಾರ್ಸ್‌ವೆಲ್ ಎಂಬ ಮಾಂತ್ರಿಕ. ಅವನ ಬಣ್ಣ ಬಯಲು ಮಾಡಲು ಹೊರಟ ಹೋಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ, ದೆವ್ವ ಭೂತ ಒಂದನ್ನೂ ನಂಬದವನು. ನಡುವೆ ಒಂದು ಚೀಟಿ. ಅದರ ಮೇಲೆ ಹಳೆಯ ಲಿಪಿಯ ನಾಲ್ಕು ಅಕ್ಷರ. ಆ ಚೀಟಿ ಗೊತ್ತಾದ ದಿನ, ಗೊತ್ತಾದ ಗಂಟೆಗೆ ಯಾರ ಬಳಿ ಇರುತ್ತದೆಯೋ ಅವನ ಕಥೆ ಮುಗಿಯಿತು. ಬ್ರಿಟಿಷ್ ಮ್ಯೂಸಿಯಂನ ಓದುಕೋಣೆಯಲ್ಲಿ ಕಾರ್ಸ್‌ವೆಲ್ ಬಹಳ ಮರ್ಯಾದೆಯಿಂದ ಮಾತಾಡುತ್ತಾ ಹೋಲ್ಡನ್‌ನ ಕಾಗದಪತ್ರಗಳ ನಡುವೆ ಅದನ್ನು ಸೇರಿಸಿಬಿಡುತ್ತಾನೆ. ಹೋಲ್ಡನ್ ಬದುಕಬೇಕಾದರೆ ಅದನ್ನು ಕಾರ್ಸ್‌ವೆಲ್‌ಗೆ ತಿಳಿಯದಂತೆ ಅವನಿಗೇ ಹಿಂದಕ್ಕೆ ದಾಟಿಸಬೇಕು. ಕೊನೆಯ ಭಾಗ ನಡೆಯುವುದು ರಾತ್ರಿ ರೈಲಿನ ಒಂದು ಡಬ್ಬಿಯಲ್ಲಿ. ಹೋಲ್ಡನ್ ಏನನ್ನು ಕೊಟ್ಟರೂ ಕಾರ್ಸ್‌ವೆಲ್ ಕೈ ಹಿಂದಕ್ಕೆಳೆಯುತ್ತಾನೆ. ಕಡೆಗೆ ಅವನದೇ ಕೋಟನ್ನು ಅವನ ಕೈಗಿಡುವ ನೆಪದಲ್ಲಿ ಚೀಟಿ ಕೈ ಬದಲಾಗುತ್ತದೆ. ಗುಟ್ಟಿನ ಕಾಗದ, ತುಂಬಿದ ಓದುಕೋಣೆ, ಗಡುವು, ರೈಲು, ಕೋಟಿನ ಜೇಬು. ಇದರಲ್ಲಿ ಬೇಹುಗಾರಿಕೆಗೆ ಏನು ಕಡಿಮೆಯಾಗಿದೆ, ನೀವೇ ಹೇಳಿ.

ಇದು ಬರಿಯ ನನ್ನ ಕಲ್ಪನೆಯಲ್ಲ. ಆ ಚಿತ್ರದ ಮನೆಗಳನ್ನೂ ಕೋಣೆಗಳನ್ನೂ ರೂಪಿಸಿದವನು ಕೆನ್ ಆಡಮ್. ಐದು ವರ್ಷಗಳ ನಂತರ, 1962ರಲ್ಲಿ, ‘ಡಾಕ್ಟರ್ ನೋ’ ಎಂಬ ಮೊದಲ ಜೇಮ್ಸ್ ಬಾಂಡ್ ಚಿತ್ರಕ್ಕೆ ಕೋಣೆಗಳನ್ನು ಕಟ್ಟಿದವನೂ ಅವನೇ.

‘ಡಾಕ್ಟರ್ ನೋ’ ಎಂದಾಕ್ಷಣ ಎಲ್ಲರಿಗೂ ನೆನಪಾಗುವುದು ಕಡಲಿನಿಂದ ಎದ್ದು ಬರುವ ಅರ್ಸುಲಾ ಆಂಡ್ರೆಸ್. ನನ್ನ ತಕರಾರೇನಿಲ್ಲ. ಆದರೆ ನನಗೆ ಆ ಚಿತ್ರವೆಂದರೆ ಒಂದು ಖಾಲಿ ಕೋಣೆ. ಖಳನಾಯಕನ ಕೈಯಾಳು, ಪ್ರೊಫೆಸರ್ ಡೆಂಟ್ ಎಂಬ ಹೆದರುಪುಕ್ಕಲ ಒಳಗೆ ಬರುತ್ತಾನೆ. ಓರೆಯಾದ ಗೋಡೆಗಳು. ಮೇಲೆ ಚಾವಣಿಯಲ್ಲಿ ದೊಡ್ಡ ವೃತ್ತಾಕಾರದ ಜಾಲರಿ, ಅದರಿಂದ ಇಳಿದ ಬೆಳಕು ನೆಲದ ಮೇಲೂ ಗೋಡೆಯ ಮೇಲೂ ಬಲೆ ಹಾಸಿದೆ. ನಡುವೆ ಒಂದೇ ಒಂದು ಕುರ್ಚಿ. ಎಲ್ಲಿಂದಲೋ ಒಂದು ದನಿ, ಕುಳಿತುಕೊಳ್ಳಲು ಹೇಳುತ್ತದೆ. ದನಿಯ ಒಡೆಯ ಕಾಣುವುದಿಲ್ಲ. ಹೊರಡುವಾಗ ಪಕ್ಕದ ಮೇಜಿನ ಮೇಲಿರುವುದನ್ನು ತೆಗೆದುಕೊಂಡು ಹೋಗಲು ಅಪ್ಪಣೆಯಾಗುತ್ತದೆ. ಅಲ್ಲಿರುವುದು ಒಂದು ಸಣ್ಣ ಪಂಜರ, ಅದರೊಳಗೆ ಕೈಯಗಲದ ಜೇಡ. ಗುಂಡಿಲ್ಲ, ಹೊಡೆದಾಟವಿಲ್ಲ, ಖಳನಾಯಕನ ಮುಖವೂ ಇಲ್ಲ. ದೆವ್ವದ ಮನೆ ಎಂದರೆ ಇದು. ಅದೇ ಚಿತ್ರದಲ್ಲಿ ಖಳನಾಯಕನ ದ್ವೀಪದ ಸುತ್ತಮುತ್ತಲಿನ ಜನ ಅಲ್ಲೊಂದು ಬೆಂಕಿಯುಗುಳುವ ಡ್ರ್ಯಾಗನ್ ಇದೆಯೆಂದು ಹೆದರಿ ಅತ್ತ ಸುಳಿಯುವುದಿಲ್ಲ. ಹೋಗಿ ನೋಡಿದರೆ ಬೆಂಕಿ ಕಾರುವ ಒಂದು ಗಾಡಿ. ಊರಾಚೆಯ ಹಾಳು ಬಾವಿಯ ಬಳಿ ಬ್ರಹ್ಮರಾಕ್ಷಸ ಇದ್ದಾನೆಂದು ಕಥೆ ಕಟ್ಟಿ ಅಲ್ಲಿ ಕಳ್ಳಭಟ್ಟಿ ಇಳಿಸುವವರ ಜಾಣ್ಮೆಯೂ ಇಷ್ಟೇ.

ಕೆನ್ ಆಡಮ್ 1921ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಯೆಹೂದಿ. ಹಿಟ್ಲರ್ ಬಂದ ಮೇಲೆ ಕುಟುಂಬ ಇಂಗ್ಲೆಂಡ್ ಸೇರಿತು. ಜರ್ಮನಿಯಲ್ಲಿ ಹುಟ್ಟಿದವನು ಬ್ರಿಟಿಷ್ ವಾಯುಪಡೆಯ ಯುದ್ಧವಿಮಾನ ಹಾರಿಸಿದ. ತನ್ನ ಮೇಲೆ 1920ರ ‘ದ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ಯ ಪ್ರಭಾವ ಇದೆಯೆಂದು ಅವನೇ ಹೇಳಿಕೊಂಡಿದ್ದ. ಸೊಟ್ಟ ಬಾಗಿಲು, ವಾಲಿದ ಗೋಡೆ, ಬಣ್ಣದಲ್ಲೇ ಬರೆದ ನೆರಳುಗಳ ಜರ್ಮನ್ ಮೂಕಿ ಚಿತ್ರ ಅದು. ಡೆಂಟ್ ಕುಳಿತ ಕೋಣೆಯ ಗೋಡೆ ಯಾಕೆ ಓರೆಯಾಗಿದೆಯೆಂದು ಈಗ ತಿಳಿಯುತ್ತದೆ. ಬಾಂಡ್‌ನ ಸೂಟು ಲಂಡನ್ನಿನದು, ಅವನ ಶತ್ರುವಿನ ಮನೆ ಮಾತ್ರ ಬರ್ಲಿನ್ನಿನ ದೆವ್ವದ ಮನೆ.

ಬರ್ಲಿನ್ ಎಂದರೆ ನಿರ್ದೇಶಕ ಫ್ರಿಟ್ಸ್ ಲಾಂಗ್‌ನನ್ನು ಬಿಡುವಂತಿಲ್ಲ. 1928ರ ಅವನ ‘ಸ್ಪಿಯೋನೆ’ಯಲ್ಲಿ ನಾಯಕನನ್ನು ಗುರುತಿಸುವುದು ಹೆಸರಿನಿಂದಲ್ಲ, 326 ಎಂಬ ಸಂಖ್ಯೆಯಿಂದ. 007 ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ಖಳನಾಯಕ ಹಾಗಿ ಒಂದು ಬ್ಯಾಂಕಿನ ಮುಖ್ಯಸ್ಥ, ಗಾಲಿ ಕುರ್ಚಿಯಲ್ಲಿ ಕೂರುವವನು, ರಾತ್ರಿ ರಂಗಮಂದಿರದ ವಿದೂಷಕನೂ ಅವನೇ. ಕೊನೆಗೆ ಸಿಕ್ಕಿಬಿದ್ದಾಗ ವೇದಿಕೆಯ ಮೇಲೆಯೇ ಗುಂಡು ಹಾರಿಸಿಕೊಳ್ಳುತ್ತಾನೆ, ಜನ ಇದೂ ಆಟವೆಂದು ಚಪ್ಪಾಳೆ ತಟ್ಟುತ್ತಾರೆ. ಈಗ ‘ನೈಟ್ ಆಫ್ ದ ಡೀಮನ್’ಗೆ ಹಿಂದಿರುಗಿ. ಕಾರ್ಸ್‌ವೆಲ್ ತನ್ನ ಶಕ್ತಿಯನ್ನು ಮೊದಲು ತೋರಿಸುವಾಗ ಯಾವ ವೇಷದಲ್ಲಿದ್ದಾನೆ? ಊರಿನ ಮಕ್ಕಳಿಗೆ ಜಾದೂ ತೋರಿಸುವ ವಿದೂಷಕನ ವೇಷದಲ್ಲಿ. ಟೂರ್ನರ್ ಬೇಕೆಂದೇ ಹಾಗೆ ಮಾಡಿದನೆಂದು ನಾನು ಆಣೆ ಇಡಲಾರೆ. ಆದರೆ ಎರಡನ್ನೂ ಒಂದೇ ವಾರದಲ್ಲಿ ನೋಡಿದ ನನಗೆ ಮೈ ಜುಮ್ಮೆಂದಿತು.

ಇನ್ನು ನಟ ಕ್ರಿಸ್ಟೋಫರ್ ಲೀ. ನನ್ನ ಹುಚ್ಚು ಶುರುವಾದದ್ದೇ ಇವನಿಂದ.

ಎಂಬತ್ತರ ದಶಕದಲ್ಲಿ ನಮ್ಮ ಚಿಕ್ಕಪ್ಪ ಒಂದು ರಾತ್ರಿಗೆ ಟೀವಿ, ವಿಸಿಪಿ ಬಾಡಿಗೆಗೆ ತರುತ್ತಿದ್ದರು. ಮೂರು ಕ್ಯಾಸೆಟ್. ಮೊದಲು ಅಜ್ಜಿಗೋಸ್ಕರ ಒಂದು ಭಕ್ತಿಪ್ರಧಾನ ಚಿತ್ರ, ಆಮೇಲೆ ರಾಜಕುಮಾರ್, ಮಕ್ಕಳು ಮಲಗಿದ ಮೇಲೆ ಇಂಗ್ಲಿಷ್. ಮಕ್ಕಳು ಮಲಗುತ್ತಿರಲಿಲ್ಲ, ಕಂಬಳಿಯ ಅಂಚಿನಿಂದ ನೋಡುತ್ತಿದ್ದೆವು. ಅಜ್ಜಿಯೂ ಮಲಗುತ್ತಿರಲಿಲ್ಲ, ಅದು ಬೇರೆ ವಿಷಯ. ಹಾಗೆ ನೋಡಿದ್ದು 1958ರ ‘ಡ್ರಾಕುಲಾ’. ಮೆಟ್ಟಿಲ ಮೇಲೆ ಒಂದು ಕಪ್ಪು ಆಕೃತಿ ಕಾಣಿಸಿಕೊಳ್ಳುತ್ತದೆ. ಈಗ ಕಿರುಚಾಟ ಎಂದು ನಾವು ಕಂಬಳಿ ಎಳೆದುಕೊಂಡರೆ, ಆ ಆಕೃತಿ ಸರಸರನೆ ಇಳಿದು ಬಂದು ಅತಿಥಿಯನ್ನು ಬಹಳ ವಿನಯದಿಂದ ಸ್ವಾಗತಿಸಿ ಕೋಣೆ ತೋರಿಸಲು ಕರೆದೊಯ್ಯುತ್ತದೆ. ಆರೂವರೆ ಅಡಿಗೆ ಒಂದೆರಡು ಅಂಗುಲವಷ್ಟೇ ಕಡಿಮೆಯ ಆಳು. “ಎಷ್ಟು ಮರ್ಯಾದಸ್ಥರ ಮನೆಯವನು” ಎಂದರು ಅಜ್ಜಿ. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ಕೆಂಪಾದ ಕಣ್ಣು, ರಕ್ತ ಮೆತ್ತಿದ ಬಾಯಿ ಹೊತ್ತು ಬಾಗಿಲಲ್ಲಿ ನಿಂತಾಗ ಅಜ್ಜಿ ಒಂದಿಷ್ಟೂ ಅಲುಗಾಡದೆ, “ನಾನು ಆಗಲೇ ಅಂದುಕೊಂಡೆ, ಅಷ್ಟು ವಿನಯ ಒಳ್ಳೆಯದಲ್ಲ” ಎಂದು ಮಾತು ತಿರುಗಿಸಿದರು.

ಇಡೀ ಚಿತ್ರದಲ್ಲಿ ಲೀ ಕಾಣಿಸಿಕೊಳ್ಳುವುದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಅವನು ಇಲ್ಲದಿರುವುದೇ ಕೆಲಸ ಮಾಡುತ್ತದೆ. 1966ರಲ್ಲಿ ಬಂದ ‘ಡ್ರಾಕುಲಾ: ಪ್ರಿನ್ಸ್ ಆಫ್ ಡಾರ್ಕ್‌ನೆಸ್’ನಲ್ಲಿ ಅವನಿಗೆ ಒಂದೇ ಒಂದು ಮಾತೂ ಇಲ್ಲ. ಸಂಭಾಷಣೆ ತೀರಾ ಕೆಟ್ಟದಾಗಿತ್ತು, ಹಾಗಾಗಿ ಹೇಳಲಿಲ್ಲ ಎಂದು ಲೀ. ತಾನು ಅವನಿಗೆ ಮಾತನ್ನೇ ಬರೆದಿರಲಿಲ್ಲ ಎಂದು ಬರಹಗಾರ ಜಿಮ್ಮಿ ಸ್ಯಾಂಗ್‌ಸ್ಟರ್. ಇಬ್ಬರೂ ತೀರಿಕೊಂಡಿದ್ದಾರೆ, ಜಗಳ ಇನ್ನೂ ಇದೆ. ನನ್ನ ಮತ ಲೀಗೆ.

ಈ ಲೀ ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ಗುಪ್ತಮಾಹಿತಿ ವಿಭಾಗದಲ್ಲಿದ್ದವನು. ಬಾಂಡ್‌ನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್‌ಗೆ ಮಲಸಂಬಂಧದ ದಾಯಾದಿ. 1974ರ ‘ದ ಮ್ಯಾನ್ ವಿತ್ ದ ಗೋಲ್ಡನ್ ಗನ್’ನಲ್ಲಿ ಬಾಂಡ್‌ಗೆ ಎದುರಾದ ಸ್ಕಾರಮಾಂಗ ಅವನೇ. ಥಾಯ್ಲೆಂಡಿನ ದ್ವೀಪದಲ್ಲಿ ಬಾಂಡ್‌ನನ್ನು ಅವನು ಬರಮಾಡಿಕೊಂಡು ಊಟಕ್ಕೆ ಕೂರಿಸುವುದನ್ನು ನೋಡಿ: ಅದೇ ಮೆಟ್ಟಿಲು, ಅದೇ ವಿನಯ, ಬಿಸಿಲು ಮಾತ್ರ ಹೆಚ್ಚು. ಚಿತ್ರ ಸಾಧಾರಣ, ಲೀ ಇರುವಷ್ಟು ಹೊತ್ತು ಮಾತ್ರ ಕಣ್ಣು ಕೀಳಲಾಗುವುದಿಲ್ಲ.

ಹುಡುಗ ಇಲ್ಲಿಗೆ ಮೊಬೈಲ್ ಕೆಳಗಿಟ್ಟು, “ನಮ್ಮಲ್ಲಿ ಯಾರೂ ಮಾಡಲಿಲ್ಲವೇ?” ಎಂದು ಕೇಳಿದ. ಮಾಡದೆ ಏನು! 1968ರಲ್ಲಿ ದೊರೆ-ಭಗವಾನ್ ಜೋಡಿ ‘ಜೇಡರ ಬಲೆ’ ತಂದರು. ‘ಬೇಡರ ಕಣ್ಣಪ್ಪ’ನಾಗಿ ಬಂದು, ಪುರಾಣ ಚರಿತ್ರೆಗಳ ಕಿರೀಟ ಹೊತ್ತ ರಾಜಕುಮಾರ್ ಕೋಟು ತೊಟ್ಟು, ಪಿಸ್ತೂಲು ಹಿಡಿದು ಸಿ.ಐ.ಡಿ. 999 ಆದರು. ‘ಗೋವಾದಲ್ಲಿ ಸಿ.ಐ.ಡಿ. 999’ ಅದೇ ವರ್ಷ, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಮರುವರ್ಷ, ‘ಆಪರೇಷನ್ ಡೈಮಂಡ್ ರಾಕೆಟ್’ 1978ರಲ್ಲಿ. ಇಂಗ್ಲಿಷಿನಲ್ಲಿ ‘ಇಫ್ ಯೂ ಕಮ್ ಟುಡೇ’ ಎಂದು ರಾಜಕುಮಾರ್ ಹಾಡಿದ್ದು ಆ ಕೊನೆಯದರಲ್ಲಿ. ಖಾಲಿ ಕೋಣೆಯ ಹೆದರಿಕೆಯನ್ನು ಈ ಚಿತ್ರಗಳಲ್ಲಿ ಹುಡುಕಬೇಡಿ, ಇವುಗಳ ಸಂಭ್ರಮವೇ ಬೇರೆ. ಆದರೂ ಡೆಂಟ್‌ನ ಮೇಲೆ ಬಿದ್ದ ಜಾಲರಿಯ ನೆರಳು, ಪಂಜರದ ಆ ಜೇಡ, ನಮ್ಮ ಮೊದಲ ಬಾಂಡ್ ಚಿತ್ರದ ಹೆಸರು, ಇವೆಲ್ಲ ಒಟ್ಟಿಗೆ ಹೊಳೆದಾಗ ನನಗೆ ಬಹಳ ಖುಷಿಯಾಯಿತು. ಬರಿಯ ಕಾಕತಾಳೀಯ ಇರಬಹುದು, ಇರಲಿ.

1965ರ ‘ದ ಇಪ್‌ಕ್ರೆಸ್ ಫೈಲ್’ ಬಗ್ಗೆ ಹೇಳದೆ ಮುಗಿಸಿದರೆ ಮನಸ್ಸು ಒಪ್ಪದು. ಬಾಂಡ್ ಚಿತ್ರಗಳ ನಿರ್ಮಾಪಕರಲ್ಲಿ ಒಬ್ಬನಾದ ಹ್ಯಾರಿ ಸಾಲ್ಟ್ಸ್‌ಮನ್, ಸಂಗೀತಗಾರ ಜಾನ್ ಬ್ಯಾರಿ, ಮತ್ತೆ ಅದೇ ಕೆನ್ ಆಡಮ್ ಸೇರಿ ಬಾಂಡ್‌ನನ್ನು ಪೂರ್ತಿ ತಲೆಕೆಳಗು ಮಾಡಿದರು. ನಾಯಕ ಮೈಕಲ್ ಕೇನ್. ದಪ್ಪ ಕನ್ನಡಕ, ಸಂಬಳದ ಚಿಂತೆ, ಅಡುಗೆಯ ಹವ್ಯಾಸ, ತುಂಬಿಸಿ ಮುಗಿಯದ ಸರ್ಕಾರಿ ಫಾರಂಗಳು. ನಮ್ಮ ಕಚೇರಿಯ ಎರಡನೇ ದರ್ಜೆ ಸಹಾಯಕ ಬೇಹುಗಾರನಾದಂತೆ. ಇದರಲ್ಲೂ ದೆವ್ವದ ಮನೆ ಇದೆ, ಕೊನೆಯ ಭಾಗದಲ್ಲಿ. ಒಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಬೆಳಕು ಮತ್ತು ಸದ್ದಿನಿಂದಲೇ ಮನುಷ್ಯನ ನೆನಪನ್ನು ಅಳಿಸಲು ಹೊರಡುತ್ತಾರೆ. ತಾನು ಯಾರೆಂಬುದನ್ನು ಮರೆಯದಿರಲು ಅವನು ಒಂದು ಮೊಳೆಯನ್ನು ಅಂಗೈಗೆ ಒತ್ತಿಕೊಳ್ಳುತ್ತಾನೆ. ದೆವ್ವ ಮೈಮೇಲೆ ಬರದಂತೆ ತಡೆಯುವ ಉಪಾಯ ಎಂದರೂ ನಡೆಯುತ್ತದೆ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಕಾಫಿ ಆರಿತ್ತು. ಹುಡುಗ ಚಿತ್ರವನ್ನು ಮತ್ತೆ ಮೊದಲಿನಿಂದ ಹಾಕು ಎಂದ. ಈ ಸಲ ನಗಲಿಲ್ಲ, ಓದುಕೋಣೆಯಲ್ಲಿ ಚೀಟಿ ದಾಟಿದ ಕ್ಷಣವನ್ನು ಹಿಂದಕ್ಕೆ ಓಡಿಸಿ ಎರಡು ಸಲ ನೋಡಿದ. ನಾನೂ ಒಂದನ್ನು ಒಪ್ಪಿಕೊಳ್ಳಬೇಕಾಯಿತು. ಶುರುವಿನಲ್ಲಿ, ದೂರದ ಮರಗಳ ಮೇಲೆ ಮೊದಲು ಒಂದಿಷ್ಟು ಹೊಗೆ, ಆ ಹೊಗೆಯೊಳಗಿನಿಂದ ನಿಧಾನವಾಗಿ ಒಂದು ಆಕಾರ ಮೂಡುತ್ತದೆಯಲ್ಲ, ಅಷ್ಟು ದೂರದಲ್ಲಿ ಆ ಪಿಶಾಚಿ ನಿಜಕ್ಕೂ ಅದ್ಭುತ. ಹತ್ತಿರದ ಚಿತ್ರಿಕೆಯೇ ಕೆಡಿಸುವುದು. ಟೂರ್ನರ್‌ನ ಅಭಿಮಾನಿಯಾಗಿ ಇಷ್ಟು ವರ್ಷ ಪೂರ್ತಿ ಪಿಶಾಚಿಯನ್ನೇ ಬೈದುಕೊಂಡು ಬಂದಿದ್ದೆ.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಹುಡುಗ ಹೇಳಿದ: “ಮಾವ, ಆದರೂ ಬೊಂಬೆ ಬೊಂಬೆಯೇ.” ನಾನು ಅವನ ಜಾಕೆಟ್ ಎತ್ತಿಕೊಟ್ಟೆ. ಬಾಗಿಲ ಬಳಿ ನಿಂತು, ತೊಡುವ ಮೊದಲು, ಎರಡೂ ಜೇಬಿಗೆ ಕೈ ಹಾಕಿ ನೋಡಿಕೊಂಡ.