ಸ್ಟೇಟ್‌ಬ್ಯಾಂಕ್ ಸುತ್ತಿ ಕೊಟ್ಟಾರಕ್ಕೆ

ಕಾರು ಮನೆಯಲ್ಲೇ ಬಿಡಿ, ಸಿಟಿ ಬಸ್ಸಿನಲ್ಲಿ ಓಡಾಡಿ ಅಂತ ಮಂಗಳೂರಿನಲ್ಲಿ ಆಗಾಗ ಬುದ್ಧಿವಾದ ಕೇಳಿಬರುತ್ತದೆ. ನಾನು ಹೇಳಿದ್ದು ಕೇಳುವ ಜನ. ಕಳೆದ ಸೋಮವಾರ ಬಿಟ್ಟೇಬಿಟ್ಟೆ.

ಮನೆ ಶಕ್ತಿನಗರ, ಕೆಲಸ ಕೊಟ್ಟಾರ ಚೌಕಿ. ಕಾರಿನಲ್ಲಾದರೆ ಕೆಪಿಟಿ, ಕುಂಟಿಕಾನ, ಕೊಟ್ಟಾರ, ಮುಗೀತು. ಬಸ್ಸಿನಲ್ಲಿ ಹಾಗಲ್ಲ. ಕಂಡಕ್ಟರನನ್ನು ಕೇಳಿದೆ.

"ಕೊಟ್ಟಾರ ಹೋಗ್ತದಾ?"

"ಸ್ಟೇಟ್‌ಬ್ಯಾಂಕಲ್ಲಿ ಬೇರೆ ಬಸ್ ಉಂಟು ಅಣ್ಣ. ಹತ್ತಿ, ಹತ್ತಿ, ಎದುರು ಖಾಲಿ ಉಂಟು!"

ಎದುರು ಖಾಲಿ ಇದ್ದದ್ದು ಡ್ರೈವರನ ಗಾಜಿನಿಂದ ಆಚೆ. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಯಾರದೋ ಚಪ್ಪಲಿ ಮೇಲೆ ಇಡುವಷ್ಟರಲ್ಲಿ ಸೀಟಿ ಊದಿ "ರೈಟ್ ಪೋಯಿ" ಅಂದ. ಹಿಂದೆ ಬರುವ ಬಸ್ ಎರಡೇ ನಿಮಿಷ ದೂರ ಇತ್ತಂತೆ. ಹಾಗಾಗಿ ಜ್ಯೋತಿ ಸರ್ಕಲ್‌ವರೆಗೆ ವಿಮಾನ. ಅಲ್ಲಿಂದ ಎತ್ತಿನಗಾಡಿ. ಹಂಪನಕಟ್ಟೆಯಲ್ಲಿ ಪೂರ್ತಿ ವಿಶ್ರಾಂತಿ.

ಸ್ಟೇಟ್‌ಬ್ಯಾಂಕ್ ಅಂದರೆ ಹೊರಗಿನವರು ಬ್ಯಾಂಕು ಅಂದುಕೊಳ್ಳುತ್ತಾರೆ. ನಮಗದು ಬಸ್‌ಸ್ಟ್ಯಾಂಡ್. ಖಾತೆ ಇಲ್ಲದವರೂ ದಿನಾ ಹೋಗಿ ಅರ್ಧ ಗಂಟೆ ಜಮಾ ಮಾಡಿ ಬರುತ್ತೇವೆ. ಬಡ್ಡಿ ಮಾತ್ರ ಇಲ್ಲ. ಅಲ್ಲಿಂದ ಇನ್ನೊಂದು ಬಸ್, ಇನ್ನೊಂದು ಟಿಕೆಟ್, ಲಾಲ್‌ಬಾಗ್, ಲೇಡಿಹಿಲ್, ಉರ್ವಸ್ಟೋರ್. ಕೊಂಕಣ ಸುತ್ತಿ ಮೈಲಾರಕ್ಕೆ ಹೋದವನಿಗೂ ಎರಡೆರಡು ಟಿಕೆಟ್ ಬಿದ್ದಿರಲಿಕ್ಕಿಲ್ಲ.

2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ ಫ್ರೀ. ಆದರೆ ನಮ್ಮ ಸಿಟಿ ಬಸ್ಸುಗಳು ಹೆಚ್ಚಿನವೂ ಖಾಸಗಿ. ಶಕ್ತಿನಗರದ ನನ್ನ ಹೆಂಡತಿಗೆ ಶಕ್ತಿ ಇರುವುದು ವಿಳಾಸದಲ್ಲಿ ಮಾತ್ರ.

ರೂಟ್ ಬದಲಿಸಿ ಅನ್ನುವುದು ಸುಲಭ. ಅದಕ್ಕೆ ಪರ್ಮಿಟ್ ಬೇಕು, ಟೈಮಿಂಗ್ಸ್ ಬೇಕು, ಆಕ್ಷೇಪಣೆ, ಮೀಟಿಂಗ್, ಮುಂದಿನ ಮೀಟಿಂಗ್. ಸುಮ್ನೆ ಯಾಕೆ ರಗಳೆ? ಬಸ್ಸು ಹೋಗುವಲ್ಲೇ ಹೋಗಲಿ, ಊರನ್ನೇ ಸ್ಟೇಟ್‌ಬ್ಯಾಂಕಿಗೆ ತನ್ನಿ. ಸುರತ್ಕಲ್, ದೇರಳಕಟ್ಟೆ, ಕಾವೂರು, ಅಲ್ಲಿನ ಕಾಲೇಜು, ಆಸ್ಪತ್ರೆ, ನನ್ನ ಆಫೀಸು, ಎಲ್ಲ. ಮೀನು ಮಾರುಕಟ್ಟೆ ಹೇಗೂ ಅಲ್ಲೇ ಉಂಟು. ಸಮಯ ಹಿಡಿಯಬಹುದು, ಪರವಾಗಿಲ್ಲ. ಪಂಪ್‌ವೆಲ್ ಫ್ಲೈಓವರಿಗೆ 2020ರವರೆಗೆ ಕಾದ ಜನ ನಾವು, ಅಲ್ವಾ?

ಅವತ್ತು ಆಫೀಸಿನಲ್ಲಿ ಸ್ವಲ್ಪ ತಡವಾಯಿತು. ರಾತ್ರಿ ಎಂಟೂವರೆಗೆ ಸ್ಟೇಟ್‌ಬ್ಯಾಂಕಿನಲ್ಲಿ ನಿಂತರೆ ಶಕ್ತಿನಗರದ ಬಸ್ಸಿನ ಸುದ್ದಿಯೇ ಇಲ್ಲ. "ಟ್ರಿಪ್ ಕಟ್ ಮಾರಾಯ್ರೆ, ಜನ ಇಲ್ಲ" ಅಂದರು ಪಕ್ಕದಲ್ಲಿ ನಿಂತವರೊಬ್ಬರು. ಅವರ ಹಿಂದೆ ಹದಿನೈದು ಜನ ಇದ್ದರು.

ಹೆಂಡತಿಗೆ ಫೋನ್ ಮಾಡಿದೆ. ಕಾರು ತಂದಳು. ಹತ್ತಿದೆ. ಎದುರು ನಿಜಕ್ಕೂ ಖಾಲಿ ಇತ್ತು.