ಬೂಷ್ಟು ಹಿಡಿಯದ ಅಂಗಿ

ದಸರೆ ಮುಗಿದು ಎರಡು ದಿನ ಸರಿಯಾಗಿ ಬಿಸಿಲು ಬಿದ್ದರೆ ಸಾಕು, ಮೂಡಿಗೆರೆಯ ನಮ್ಮ ಮನೆಯಲ್ಲಿ ಬೀರು ಖಾಲಿ ಮಾಡುವ ಕೆಲಸ ಶುರುವಾಗುತ್ತದೆ. ಮಳೆಗಾಲವಿಡೀ ಉಸಿರು ಕಟ್ಟಿಕೊಂಡು ಕೂತಿದ್ದ ಬಟ್ಟೆಗಳನ್ನೆಲ್ಲ ತಾರಸಿಗೆ ಹೊತ್ತು, ಅಡಿಕೆ ಒಣಗಿಸುವ ಹಾಗೆ ಹರಡಬೇಕು. ಹರಡಿದ ಮೇಲೆ ಕಾಗೆ ಕಾಯಬೇಕು. ಹರಡುವುದು ಇಬ್ಬರ ಕೆಲಸ, ಕಾಯುವುದು ಮಾತ್ರ ನನ್ನ ಕೆಲಸ.

ಈ ಸಲ ಹರಡುತ್ತಾ ಸುಮ್ನೆ ಎಣಿಸಿದೆ. ಅಂಗಿ 31. ಪ್ಯಾಂಟು 14. ಹೊಲಿಸದೆ ಹಾಗೇ ಉಳಿದ ಪೀಸುಗಳು 11. ನನಗೇ ನಾಚಿಕೆಯಾಯಿತು. ಇಷ್ಟಿದ್ದೂ ಪ್ರತಿ ಬೆಳಗ್ಗೆ ಬೀರು ಮುಂದೆ ನಿಂತು "ಹಾಕ್ಕೊಳ್ಳೋಕೆ ಒಂದೂ ಅಂಗಿ ಇಲ್ಲ" ಅಂತ ಗೊಣಗುವವನು ನಾನೇ ಅಲ್ವಾ?

ಎಣಿಸುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. 31 ಅಂಗಿಯಲ್ಲಿ 22ಕ್ಕೆ ಬೂಷ್ಟು. ಕಾಲರಿನ ಒಳಗೆ, ಕಂಕುಳಲ್ಲಿ, ಜೇಬಿನ ಅಂಚಿನಲ್ಲಿ ಬೂದಿ ಉದುರಿಸಿದ ಹಾಗೆ ಚುಕ್ಕೆ ಚುಕ್ಕೆ. ಉಳಿದ ಒಂಬತ್ತು ಮಾತ್ರ ಒಂದು ಚುಕ್ಕೆಯೂ ಇಲ್ಲದೆ ಲಕ್ಷಣವಾಗಿದ್ದವು. ಯಾವುವು ಆ ಒಂಬತ್ತು ಅಂತ ನೋಡಿದರೆ, ನಾನು ದಿನಾ ಹಾಕುವವು. ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಹಾಕಿ, ಮತ್ತೆ ಒಗೆದು ಓಡಾಡುತ್ತಲೇ ಇರುವ ಅಂಗಿ ಬೂಷ್ಟಿಗೆ ಕೂರಲು ಪುರಸೊತ್ತೇ ಕೊಡುವುದಿಲ್ಲ. ನನಗೆ ಯಾವ ಬಟ್ಟೆ ಬೇಕು, ಯಾವುದು ಬೇಡ ಅನ್ನುವುದನ್ನು ನಾಲ್ಕು ತಿಂಗಳು ಕತ್ತಲಲ್ಲಿ ಕೂತು ಬೂಷ್ಟೇ ಪಟ್ಟಿ ಮಾಡಿಟ್ಟಿತ್ತು.

ನನ್ನ ಹೆಂಡತಿ ಕಡೂರಿನವಳು. ಜಿಲ್ಲೆ ಒಂದೇ ಆದರೂ ಅದು ಬೇರೆಯೇ ಲೋಕ. ಅಲ್ಲಿ ಬೆಳಗ್ಗೆ ಒಗೆದು ಹಾಕಿದ ಪಂಚೆ ಮಧ್ಯಾಹ್ನದ ಊಟದ ಹೊತ್ತಿಗೆ ಹಪ್ಪಳ. ಮದುವೆಯಾಗಿ ಬಂದ ಮೊದಲ ವರ್ಷ ಪುನರ್ವಸು ಮಳೆಯಲ್ಲಿ ಅವಳ ರೇಷ್ಮೆ ಸೀರೆಗೆ ಬೂಷ್ಟು ಬಂದಾಗ, ನಮ್ಮ ಮನೆಯವರು ಯಾರೋ ಹಿಟ್ಟು ಚೆಲ್ಲಿದ್ದಾರೆ ಅಂದುಕೊಂಡಿದ್ದಳಂತೆ. ಗಾಳಿಯ ತೇವ ಶೇಕಡಾ 70–80 ದಾಟಿ ಹಾಗೇ ನಿಂತುಬಿಟ್ಟರೆ ಬೂಷ್ಟಿಗೆ ಹಬ್ಬ. ಅದಕ್ಕೆ ಊಟವೂ ಬೇಕಲ್ಲ? ಹತ್ತಿ ಬಟ್ಟೆ ಅಂದರೆ ಗಿಡದ ನಾರೇ. ಅದರ ಮೇಲೆ ಗಂಜಿ, ಗಂಜಿಯ ಮೇಲೆ ನಮ್ಮ ಬೆವರು. ಎಲೆ ಹಾಕಿ ಬಡಿಸಿದ ಹಾಗಾಯಿತು.

ಹಿಂದೆ ಇದಕ್ಕೊಂದು ಉಪಾಯವಿತ್ತು. ಬೀರುವಿನ ಕೆಳಗಿನ ಅಂಕಣದಲ್ಲಿ 60 ವ್ಯಾಟಿನ ಬಲ್ಬು ಹಚ್ಚಿಡುತ್ತಿದ್ದೆವು. ಕೋಳಿಮರಿಗೆ ಶಾಖ ಕೊಡುವ ಹಾಗೆ. ಒಮ್ಮೆ ತೋಳೊಂದು ಜಾರಿ ಬಲ್ಬಿಗೆ ತಾಗಿ, ಒಳ್ಳೆಯ ಬೂದುಬಣ್ಣದ ಅಂಗಿಯಲ್ಲಿ ದೋಸೆಯ ಕಂದು ಮೂಡಿತ್ತು. ಆದರೂ ಉಪಾಯ ಕೆಲಸ ಮಾಡುತ್ತಿತ್ತು. ಈಗ ಎಲ್ಲೆಲ್ಲೂ ಎಲ್‌ಇಡಿ. ಅಭ್ಯಾಸಬಲದಿಂದ ಒಂದು ವರ್ಷ ಅದನ್ನೇ ಹಚ್ಚಿಟ್ಟೆ. ಶಾಖವಂತೂ ಹುಟ್ಟಲಿಲ್ಲ, ಬೂಷ್ಟಿಗೆ ಓದಿಕೊಳ್ಳಲು ಬೆಳಕಾಯಿತು ಅಷ್ಟೇ.

ಮಗ ಬೆಂಗಳೂರಿನಲ್ಲಿದ್ದಾನೆ. ದಸರೆಗೆ ಬಂದಿದ್ದವನು ನನ್ನ ಬೀರು ನೋಡಿ ನಕ್ಕ. "ಅಪ್ಪ, ಗಂಡಸಿಗೆ ಒಟ್ಟು ಇಪ್ಪತ್ತು ಪೀಸ್ ಸಾಕು. ಯಾವುದಕ್ಕೆ ಯಾವುದು ಹಾಕಿದ್ರೂ ಹೊಂದಬೇಕು, ಅಷ್ಟೇ" ಎಂದು ಮೊಬೈಲಿನಲ್ಲಿ ಪಟ್ಟಿ ತೋರಿಸಿದ. ಎರಡು ಬಿಳಿ ಅಂಗಿ, ಎರಡು ತಿಳಿನೀಲಿ. ಒಂದು ದಟ್ಟನೀಲಿ ಪ್ಯಾಂಟು, ಒಂದು ಬೂದು, ಒಂದು ಜೀನ್ಸ್. ನೀಲಿ ಬ್ಲೇಜರ್. ಕಂದು ಬೂಟು, ಬಿಳಿ ಕ್ಯಾನ್ವಾಸ್ ಶೂ. ಹೀಗೇ ಇನ್ನೂ ಏನೇನೋ. ಕಡಿಮೆ ಕೊಳ್ಳಿ, ಒಳ್ಳೆಯದು ಕೊಳ್ಳಿ, ಬಹಳ ವರ್ಷ ಹಾಕಿ ಅನ್ನುವುದು ಅದರ ತಿರುಳು. ಮಾತು ಖಂಡಿತ ಸರಿ. ಆದರೆ ಪಟ್ಟಿಯಲ್ಲಿ ಕೊಡೆ ಇರಲಿಲ್ಲ. ಪಂಚೆ ಇರಲಿಲ್ಲ. ಇದನ್ನು ಬರೆದ ಪುಣ್ಯಾತ್ಮ ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ದಿನವಾದರೂ ನಿಂತಿದ್ದಿದ್ದರೆ ಬಿಳಿ ಶೂ ಹೆಸರು ಎತ್ತುತ್ತಿರಲಿಲ್ಲ.

ಜೀನ್ಸ್ ವಿಷಯವನ್ನೇ ತೆಗೆದುಕೊಳ್ಳಿ. ಗಟ್ಟಿ ಬಟ್ಟೆ, ಒಪ್ಪಿದೆ. ಜೇಕಬ್ ಡೇವಿಸ್ ಎಂಬ ದರ್ಜಿ, ಅವನಿಗೆ ಬಟ್ಟೆ ಒದಗಿಸುತ್ತಿದ್ದ ವ್ಯಾಪಾರಿ ಲೆವಿ ಸ್ಟ್ರಾಸ್ ಇಬ್ಬರೂ ಸೇರಿ, ಕೂಲಿಕಾರರ ಪ್ಯಾಂಟಿನ ಜೇಬು ಕಿತ್ತು ಬರದಿರಲಿ ಅಂತ ಮೂಲೆಗೆ ತಾಮ್ರದ ರಿವೆಟ್ ಬಡಿದು 1873ರಲ್ಲಿ ಪೇಟೆಂಟ್ ಮಾಡಿಸಿದರು. ಡೇವಿಸ್ ಅಂಗಡಿ ಇದ್ದದ್ದು ಅಮೆರಿಕದ ನೆವಾಡಾದಲ್ಲಿ. ಅದು ಮಳೆಯೇ ಅಪರೂಪವಾದ ಒಣನಾಡು. ಅಲ್ಲಿಗೆ ಅದು ಹೇಳಿ ಮಾಡಿಸಿದ ಬಟ್ಟೆ. ನಮ್ಮಲ್ಲಿ ಆಶ್ಲೇಷ ಮಳೆಯಲ್ಲಿ ಒಗೆದ ಜೀನ್ಸ್ ಒಣಗಲು ನಾಲ್ಕು ದಿನ ಬೇಕು. ಐದನೆಯ ದಿನವೂ ಸೊಂಟಪಟ್ಟಿಯ ಹತ್ತಿರ ತಣ್ಣಗೆ ಕಪ್ಪೆ ಮುಟ್ಟಿದ ಹಾಗಿರುತ್ತದೆ. ಕೊನೆಗೆ ಬಚ್ಚಲೊಲೆಯ ಮೇಲಿನ ಹಗ್ಗಕ್ಕೇ ಗತಿ. ಅಲ್ಲಿ ಒಣಗುತ್ತದೆ, ಆದರೆ ಹೊಗೆವಾಸನೆ ಅಂಟಿಕೊಳ್ಳುತ್ತದೆ. ನಾವು ಓದುವಾಗ ಇಡೀ ತರಗತಿಗೇ ಆ ವಾಸನೆ ಇರುತ್ತಿತ್ತು. ಎಲ್ಲರ ಮೈಯಿಂದಲೂ ಬರುತ್ತಿದ್ದುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮಪ್ಪ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವರು ಆಗಿದ್ದರು. ಅವರ ಬಟ್ಟೆಯೆಲ್ಲ ಒಂದು ತಗಡಿನ ಟ್ರಂಕಿನಲ್ಲಿ ಹಿಡಿಸುತ್ತಿತ್ತು, ಅದರಲ್ಲೂ ಅರ್ಧ ಜಾಗ ಜಮೀನಿನ ಕಾಗದಪತ್ರಗಳಿಗೆ. ಎರಡು ಖಾಕಿ ಚಡ್ಡಿ, ಮೂರು ಅಂಗಿ, ಮದುವೆ ಮುಂಜಿಗೆ ಒಂದು ಪಂಚೆ ಮತ್ತು ಜುಬ್ಬ, ಒಂದು ಕಪ್ಪು ಕೋಟು. ಟ್ರಂಕಿನ ಹೊರಗೆ ಗೂಟಕ್ಕೆ ಕಂಬಳಿ, ಕೊಡೆ. ಅವರೇನೂ ಸರಳ ಜೀವನದ ವ್ರತ ಹಿಡಿದವರಲ್ಲ. ದುಡ್ಡಿರಲಿಲ್ಲ, ಅಷ್ಟೇ. ಆದರೆ ಇದ್ದದ್ದರಲ್ಲಿ ಒಂದೂ ಸುಮ್ಮನೆ ಕೂತಿರುತ್ತಿರಲಿಲ್ಲ.

ಖಾಕಿ ಚಡ್ಡಿ, ಮೊಣಕಾಲಿನವರೆಗೆ ದಪ್ಪ ಕಾಲುಚೀಲ, ಇಂಬಳ ಹತ್ತದ ಹಾಗೆ ಕಾಲುಚೀಲಕ್ಕೆ ಉಜ್ಜಿದ ಹೊಗೆಸೊಪ್ಪಿನ ಪುಡಿ. ಇದು ಆಗಿನ ತೋಟದ ರೈಟರುಗಳ ವೇಷ. ಖಾಕಿ ಅಂದರೆ ಧೂಳಿನ ಬಣ್ಣದ್ದು ಅಂತ ಅರ್ಥ. ಖಾಕ್ ಎಂದರೆ ಫಾರಸಿಯಲ್ಲಿ ಧೂಳು, ಮಣ್ಣು. ಆ ಬಣ್ಣವನ್ನು ನಮ್ಮ ಘಟ್ಟದ ಕೆಳಗೇ, ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ 1850ರ ದಶಕದಲ್ಲಿ ಕಂಡುಹಿಡಿದ ಅನ್ನುವುದು ಮಂಗಳೂರಿನವರ ಹೆಮ್ಮೆ. ಪೇಶಾವರದ ಕಡೆಯ ಪಡೆಗಳು ಅದಕ್ಕೂ ಮುಂಚೆಯೇ ಮಣ್ಣುಬಣ್ಣ ಹಾಕುತ್ತಿದ್ದವು ಅಂತ ಇನ್ನೊಂದು ಕಡೆಯವರ ವಾದ. ಯಾರದಾದರೂ ಇರಲಿ. ನಮ್ಮಪ್ಪನ ಮಟ್ಟಿಗೆ ಖಾಕಿಯ ಗುಣ ಒಂದೇ. ಕೆಂಪು ಮಣ್ಣು, ಕಾಫಿ ಹಣ್ಣಿನ ರಸ, ಇಂಬಳ ಕಚ್ಚಿದ ರಕ್ತ ಎಲ್ಲ ಮೆತ್ತಿಕೊಂಡರೂ ಅದು ಸಂಜೆಯ ಹೊತ್ತಿಗೆ ಬೆಳಗ್ಗೆ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಕಾಣುತ್ತಿತ್ತು. ಬಿಳಿ ಅಂಗಿ ಹಾಕುವವನಿಗೆ ಈ ನೆಮ್ಮದಿ ಎಲ್ಲಿಂದ ಬರಬೇಕು?

ಕಂಬಳಿಯ ವಿಷಯ ನನಗೆ ಅರ್ಥವಾದದ್ದು ಬಹಳ ತಡವಾಗಿ. ಸುತ್ತಲಿನ ಹವೆಯಿಂದ ಹತ್ತಿ ತನ್ನ ಒಣತೂಕದ ಸುಮಾರು ಶೇಕಡಾ 8ರಷ್ಟು ತೇವ ಎಳೆದುಕೊಳ್ಳುತ್ತದಂತೆ. ಉಣ್ಣೆ ಸುಮಾರು 16. ಪಾಲಿಯೆಸ್ಟರ್ ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಪಾಲಿಯೆಸ್ಟರ್ ಅಂಗಿ ಬೇಗ ಒಣಗುತ್ತದೆ, ಬೂಷ್ಟಿಗೂ ರುಚಿಸುವುದಿಲ್ಲ, ಆದರೆ ಬೆವರು ಮಾತ್ರ ಮೈಮೇಲೇ ನಿಂತಿರುತ್ತದೆ. ಉಣ್ಣೆ ಅದಕ್ಕೆ ತದ್ವಿರುದ್ಧ. ನೀರು ಕುಡಿದರೂ ಕುಡಿದದ್ದನ್ನು ತೋರಿಸಿಕೊಳ್ಳುವುದಿಲ್ಲ, ಮೈ ಬೆಚ್ಚಗೇ ಇಡುತ್ತದೆ. ಮಳೆಯಲ್ಲಿ ಉಣ್ಣೆ ಕಂಬಳಿಯನ್ನು ತಲೆಯಿಂದ ಇಳಿಬಿಟ್ಟು ಗೊಪ್ಪೆ ಹಾಕಿಕೊಂಡು ದನ ಕಾಯುತ್ತಿದ್ದವರಿಗೆ ಈ ಲೆಕ್ಕ ಯಾರು ಹೇಳಿಕೊಟ್ಟಿದ್ದರೋ. ನಮಗಂತೂ ಹತ್ತಿಗೆ ಸ್ವಲ್ಪ ಪಾಲಿಯೆಸ್ಟರ್ ಬೆರೆಸಿದ ಬಟ್ಟೆಯೇ ಮಳೆಗಾಲಕ್ಕೆ ಸರಿ. ಮಗ ಇದನ್ನು ಕೇಳಿದರೆ ಮೂಗು ಮುರಿಯುತ್ತಾನೆ. ಅವನ ಪಟ್ಟಿಯಲ್ಲಿ ಎಲ್ಲವೂ ನೂರಕ್ಕೆ ನೂರು ಹತ್ತಿ.

ಇಷ್ಟೊಂದು ಬಟ್ಟೆ ಸೇರಿದ್ದಾದರೂ ಹೇಗೆ? ಎಲ್ಲ ನಾನೇ ಕೊಂಡದ್ದಲ್ಲ. ಅರ್ಧಕ್ಕರ್ಧ ಮುಯ್ಯಿಗೆ ಬಂದದ್ದು. ಪ್ಯಾಂಟ್ ಪೀಸ್, ಶರ್ಟ್ ಪೀಸ್ ಎರಡನ್ನೂ ಸೇರಿಸಿ ರಟ್ಟಿನ ಪೆಟ್ಟಿಗೆಯಲ್ಲಿ ಮಡಿಸಿ, ಮೇಲೆ ಕುಂಕುಮ ಹಚ್ಚಿ ಕೊಡುತ್ತಾರೆ. ಬಣ್ಣ ನಮಗೆ ಆಗುತ್ತದೋ ಇಲ್ಲವೋ ಯಾರಿಗೆ ಬೇಕು? ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುವ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಜನ ಇನ್ನೆಲ್ಲೂ ಸಿಗಲಿಕ್ಕಿಲ್ಲ. ಆ ಪೆಟ್ಟಿಗೆಗಳು ಒಂದು ಮದುವೆಯಿಂದ ಇನ್ನೊಂದು ಮದುವೆಗೆ ಹೋಗುತ್ತವೆ. ನಮ್ಮ ಮನೆಯಿಂದ ಹೊರಟ ಕೆನೆಬಣ್ಣದ ಪೀಸೊಂದು ಆರು ವರ್ಷದ ಮೇಲೆ ವಾಪಸ್ ಬಂತು. ಪೆಟ್ಟಿಗೆಯ ಮೂಲೆಯಲ್ಲಿ ನನ್ನ ಹೆಂಡತಿ ಪೆನ್ಸಿಲಿನಲ್ಲಿ ಬರೆದಿದ್ದ ಗುರುತು ಹಾಗೇ ಇತ್ತು. ನಮ್ಮಲ್ಲಿರುವ ಅತ್ಯಂತ ಬಾಳಿಕೆಯ ಬಟ್ಟೆ ಅದೇ. ಹೊಲಿಸದಿದ್ದರೆ ಯಾವ ಬಟ್ಟೆಯೂ ಹರಿಯುವುದಿಲ್ಲ ನೋಡಿ.

ಹೊಲಿಸುವ ಮಾತು ಬಂದರೆ ನಮ್ಮ ಮಾಸ್ಟ್ರ ಹತ್ತಿರವೇ ಹೋಗಬೇಕು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಮಿಷನ್ನು, ಒಂದು ಸ್ಟೂಲು, ಗೋಡೆಗೆ ಕನ್ನಡಿ. ಅಲ್ಲಿ ಇನ್ನೊಬ್ಬರು ಹಿಡಿಸಬೇಕಾದರೆ ಮಾಸ್ಟ್ರು ಎದ್ದು ನಿಲ್ಲಬೇಕು. ಅಳತೆ ತೆಗೆಯುವಾಗ ಅವರು ಸೊಂಟದ ಸಂಖ್ಯೆಯನ್ನು ಜೋರಾಗಿ ಹೇಳುವುದಿಲ್ಲ, ಸುಮ್ಮನೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ಒಂದು ದಾಕ್ಷಿಣ್ಯಕ್ಕೇ ನಾನು ಇಪ್ಪತ್ತು ವರ್ಷದಿಂದ ಬೇರೆಡೆ ಹೋಗಿಲ್ಲ.

ಕಳೆದ ವರ್ಷ ನನ್ನ ತಿಳಿನೀಲಿ ಅಂಗಿಯ ಕಾಲರು ಮಡಿಕೆಯ ಉದ್ದಕ್ಕೂ ಸವೆದು ನೂಲು ನೂಲಾಗಿತ್ತು. ಗಡ್ಡ ತಾಗಿ ತಾಗಿ ಮೊದಲು ಹೋಗುವುದೇ ಅದು. ಉಳಿದ ಮೈಯೆಲ್ಲ ಗಟ್ಟಿಯಾಗಿತ್ತು. ಬಿಸಾಡಲು ಮನಸ್ಸು ಬರಲಿಲ್ಲ.

"ಮಾಸ್ಟ್ರೇ, ಇದಕ್ಕೇನಾದ್ರೂ ಆಗುತ್ತಾ?"

ಅವರು ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಕಾಲರ್ ತಿರುವಿ ಹಾಕೋಣ ಸಾರ್. ಕೂತ್ಕೊಳ್ಳಿ" ಎಂದರು. ಕೂರಲು ಜಾಗವಿಲ್ಲದ್ದರಿಂದ ಬಾಗಿಲಿಗೆ ಒರಗಿ ನಿಂತು ನೋಡಿದೆ. ಅರ್ಧ ಮುರಿದ ಬ್ಲೇಡು ತೆಗೆದುಕೊಂಡು, ಕಾಲರನ್ನು ಕೊರಳಪಟ್ಟಿಗೆ ಸೇರಿಸಿದ್ದ ಹೊಲಿಗೆಯನ್ನು ಒಂದೊಂದಾಗಿ ಮೀಟಿದರು. ನೂಲು ಕತ್ತರಿಸಬೇಕು, ಬಟ್ಟೆಗೆ ತಾಗಬಾರದು. ಉಸಿರೂ ಮೆಲ್ಲಗೆ ಬಿಡುತ್ತಿದ್ದರು. ಕಾಲರು ಪೂರ್ತಿ ಕಳಚಿ ಬಂತು. ಅಂಗಿ ಇದ್ದಕ್ಕಿದ್ದಂತೆ ತಲೆ ಬೋಳಿಸಿಕೊಂಡವನ ಹಾಗೆ ಕಂಡಿತು. ಬಿಚ್ಚಿದ ನೂಲಿನ ಚೂರುಗಳನ್ನು ಬಾಯಿಂದ ಊದಿ, ಕಾಲರನ್ನು ಮಗುಚಿದರು. ಇಷ್ಟು ವರ್ಷ ಬಿಸಿಲು ಕಾಣದ ಒಳಮೈ ಮೇಲೆ ಬಂತು. ಅದರ ನೀಲಿ ಕೊಂಡ ದಿನದ ನೀಲಿಯೇ. ಮೈಯ ಬಣ್ಣಕ್ಕಿಂತ ಒಂದು ಪಟ್ಟು ಜಾಸ್ತಿ. ಸವೆದ ಮೈ ಕೆಳಗೆ ಹೋಗಿ ಕತ್ತಿನ ಹಿಂದೆ ಅಡಗಿಕೊಂಡಿತು. ಹಳೆಯ ಸೂಜಿತೂತುಗಳ ಸಾಲಿನಲ್ಲೇ ಹೊಸ ಹೊಲಿಗೆ ಹಾಕಿದರು. ಇಪ್ಪತ್ತು ನಿಮಿಷದ ಕೆಲಸ. ಅರವತ್ತು ರೂಪಾಯಿ ತೆಗೆದುಕೊಂಡರು. ಅಂಗಿಗೆ ಇನ್ನೂ ನಾಲ್ಕು ವರ್ಷ ಆಯಸ್ಸು ಬಂತು.

"ರೆಡಿಮೇಡಲ್ಲಿ ಎಲ್ಲಾ ಚೆನ್ನಾಗಿರುತ್ತೆ ಸಾರ್, ಒಳಗೆ ಬಟ್ಟೆ ಬಿಟ್ಟಿರಲ್ಲ ಅಷ್ಟೇ" ಎಂದರು. ಮಾಸ್ಟ್ರು ಹೊಲಿದ ಪ್ಯಾಂಟಿನ ಹಿಂಭಾಗದ ಹೊಲಿಗೆಯೊಳಗೆ ಎರಡಿಂಚು ಬಟ್ಟೆ ಮಡಿಸಿಟ್ಟಿರುತ್ತಾರೆ. ಪ್ರತಿ ಸಲವೂ, ಕೇಳದೆ. ನಾನು ಮುಂದೆ ದಪ್ಪ ಆಗಿಯೇ ಆಗುತ್ತೇನೆ ಅನ್ನುವುದರಲ್ಲಿ ಅವರಿಗೆ ನನ್ನ ಡಾಕ್ಟರಿಗಿಂತ ಜಾಸ್ತಿ ನಂಬಿಕೆ. ಈವರೆಗೆ ಅವರ ಲೆಕ್ಕ ತಪ್ಪಿಲ್ಲ. ಅಂಗಡಿಯಲ್ಲಿ ಕೊಂಡ ಪ್ಯಾಂಟನ್ನು ಒಳಹೊರಗು ಮಾಡಿ ನೋಡಿದರೆ ಹೊಲಿಗೆಯ ಆಚೆ ಬೆರಳಿನಗಲವೂ ಬಟ್ಟೆ ಇರುವುದಿಲ್ಲ. ನಾನು ಈಗ ಕೊಳ್ಳುವಾಗ ಮೊದಲು ನೋಡುವುದೇ ಒಳಗಡೆ. ಆಮೇಲೆ ಗುಂಡಿ ಎಳೆದು ನೋಡುತ್ತೇನೆ, ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡುತ್ತೇನೆ. ಅಂಗಡಿ ಹುಡುಗನ ಮುಖ ಸಪ್ಪಗಾಗುತ್ತದೆ.

ಪಂಚೆಗೆ ಈ ತಾಪತ್ರಯವೇ ಇಲ್ಲ. ನಾಲ್ಕು ಮೀಟರಿನ ಡಬಲ್ ಪಂಚೆಗೆ ಅಳತೆಯಿಲ್ಲ, ಕಾಜಾ ಇಲ್ಲ, ಜಿಪ್ಪಿಲ್ಲ. ಹೊಟ್ಟೆ ಬಂದರೂ ಹೋದರೂ ಅದು ಮಾತಾಡುವುದಿಲ್ಲ. ಅಪ್ಪನ ಪಂಚೆ ನಾನೂ ಉಟ್ಟೆ, ನಾಳೆ ಮಗನೂ ಉಡಬಹುದು. ಅವನ ಇಪ್ಪತ್ತರ ಪಟ್ಟಿಯಲ್ಲಿ ಇಂಥದ್ದು ಒಂದೂ ಇಲ್ಲವಲ್ಲ ಅನ್ನುವುದೇ ನನ್ನ ತಕರಾರು. ಚರ್ಮದ ಬೂಟಿನ ವಿಷಯದಲ್ಲಿ ಮಾತ್ರ ಅವನ ಮಾತು ಒಪ್ಪಿದ್ದೇನೆ. ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಹಾಕಿದರೆ ಒಳಗಿನ ಬೆವರು ಆರಿ ಹೆಚ್ಚು ಕಾಲ ಬರುತ್ತದೆ. ಮಳೆಗಾಲದಲ್ಲಿ ಎರಡನ್ನೂ ಅಟ್ಟಕ್ಕೆ ಹಾಕಿ ರಬ್ಬರ್ ಚಪ್ಪಲಿ ಮೆಟ್ಟುವುದು ನನ್ನ ತಿದ್ದುಪಡಿ.

ಇದನ್ನೆಲ್ಲ ತಾರಸಿಯ ಮೇಲೆ ಕಾಗೆ ಕಾಯುತ್ತಾ ಯೋಚಿಸುತ್ತಿದ್ದೆ. ಮೂರು ಗಂಟೆಯ ಹೊತ್ತಿಗೆ ಚಾರ್ಮಾಡಿ ಕಡೆಯಿಂದ ಮೋಡ ಏರಿತು. ಹಿಂಗಾರಿನ ಮಳೆಗೆ ದಾಕ್ಷಿಣ್ಯ ಇರುವುದಿಲ್ಲ. ನೋಡನೋಡುತ್ತಿದ್ದಂತೆ ದಪ್ಪ ಹನಿಗಳು ತಪತಪ ಬಿದ್ದವು. ಎದ್ದು ಓಡಿದೆ. ಕೈಗೆ ಸಿಕ್ಕಿದ್ದನ್ನು ಬಾಚಿ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿದೆ. ಕೆಳಗೆ ಬಂದು ನೋಡಿಕೊಂಡರೆ, ಕಾಲರು ತಿರುವಿದ ನೀಲಿ ಅಂಗಿ, ಅಪ್ಪನ ಪಂಚೆ, ಮೊಣಕೈಗೆ ಬೇರೆ ಬಣ್ಣದ ಉಣ್ಣೆಯಲ್ಲಿ ತೇಪೆ ಹೆಣೆದ ಸ್ವೆಟರು, ಎರಡು ಪ್ಯಾಂಟು.

ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು.

"ರೀ, ಬರೀ ಹಳೇವೇ ತಂದಿದ್ದೀರಲ್ಲ! ಉಳಿದವೆಲ್ಲ ನೆನೀತಾ ಇವೆ, ಹೋಗಿ ತನ್ನಿ. ಎಷ್ಟು ದುಡ್ಡಿನ ಬಟ್ಟೆ ಅವು!"

"ತರ್ತೀನಿ ಇರು" ಎಂದೆ. "ಅವು ಯಾವತ್ತು ಎಲ್ಲಿಗೆ ಹೋಗಿದ್ವು?"